ಬ್ರೇಕ್ ದೀಪ ಹತ್ತಿತೇನೇ, ಲೊರೀನ್?

ಗಂಡಹೆಂಡಿರ ನಡುವೆ ಜಗಳ ಹತ್ತಿಸಲು ಅತ್ತೆ ಬೇಕಾಗಿಲ್ಲ, ನಾದಿನಿ ಬೇಕಾಗಿಲ್ಲ. ಒಂದು ಮನೆಗಾಡಿಯ ಹಿಂದೆ ಒಂದು ಸಣ್ಣ ಕಾರನ್ನು ಕಟ್ಟಿ, ಅದರ ದೀಪ ಹತ್ತುತ್ತದೆಯೋ ಇಲ್ಲವೋ ಎಂದು ಇಬ್ಬರೂ ಸೇರಿ ನೋಡಿದರೆ ಸಾಕು. ನಮ್ಮ ಮದುವೆ ಮೂರು ಮಕ್ಕಳನ್ನು, ಸುಟ್ಟುಹೋದ ಒಂದು ಅಡುಗೆಮನೆಯನ್ನು, ನಾನು ಅಕಾರ್ಡಿಯನ್ ಕಲಿತ ಒಂದು ಇಡೀ ಚಳಿಗಾಲವನ್ನು ತಡೆದುಕೊಂಡಿತ್ತು. ಈ ದೀಪವನ್ನು ಮಾತ್ರ ತಡೆದುಕೊಳ್ಳಲಾರದೆ ಹೋಗುವುದರಲ್ಲಿತ್ತು.

ಮನೆಗಾಡಿ ಎಂದರೆ ಗೊತ್ತಲ್ಲ, ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಓಡುವ ಬಸ್ಸು. ವಿಸ್ಕಾನ್ಸಿನ್‌ನ ಮನೆ ಮಾರಿ ನಾನು, ನನ್ನ ಹೆಂಡತಿ ಲೊರೀನ್ ಇಬ್ಬರೂ ಅದರಲ್ಲೇ ಸಂಸಾರ ಹೂಡಿದ್ದೇವೆ. ಚಳಿಗಾಲಕ್ಕೆ ಅರಿಜೋನಾದ ಮರುಭೂಮಿ, ಬೇಸಿಗೆಗೆ ಮನಸ್ಸು ಬಂದ ಕಡೆ. ಆದರೆ ಇಂಥ ಆನೆಯನ್ನು ಹಾಲು ತರಲು ಅಂಗಡಿಗೆ ಹೊಡೆದುಕೊಂಡು ಹೋಗಲಾಗುತ್ತದೆಯೇ? ಅದಕ್ಕೇ ಹಿಂದೆ ಒಂದು ಸಣ್ಣ ಕಾರು. ಒಳಗೆ ಯಾರೂ ಇಲ್ಲದೆ, ಇಂಜಿನ್ ಓಡಿಸದೆ, ನಾಲ್ಕು ಚಕ್ರದ ಮೇಲೆ ಸುಮ್ಮನೆ ಉರುಳಿಕೊಂಡು ಬರುತ್ತದೆ (ನನ್ನ ಅಳಿಯನ ಹಾಗೆ). ಮುಂದೆ ನಾನು ಬ್ರೇಕ್ ಒತ್ತಿದರೆ ಆ ಕಾರಿನ ಬೆನ್ನಿಗಿರುವ ಕೆಂಪು ದೀಪ ಹತ್ತಬೇಕು. ಹತ್ತದಿದ್ದರೆ ಹಿಂದೆ ಬರುವ ಲಾರಿಯವನಿಗೆ ನಾನು ನಿಲ್ಲುತ್ತಿರುವುದು ತಿಳಿಯುವುದಿಲ್ಲ. ಆಮೇಲೆ ಕಾರೂ ಲಾರಿಯೂ ಜೊತೆಯಾಗಿ ನಮ್ಮ ಅಡುಗೆಮನೆಗೆ ಊಟಕ್ಕೆ ಬರುತ್ತವೆ.

ನಾನು ಆಯುಷ್ಯವೆಲ್ಲ ಶಾಲೆಯ ಬಸ್ಸು ಓಡಿಸಿದವನು. ದೀಪ ನೋಡದೆ ಬಸ್ಸನ್ನು ಅಂಗಳ ದಾಟಿಸಿದವನಲ್ಲ. ಊರಿನಲ್ಲಿ ನನ್ನನ್ನು ಬಲ್ಬಿನ ಆರ್ವಿಲ್ ಎಂದೇ ಕರೆಯುತ್ತಿದ್ದರು. ಈಗಲೂ ಮನೆಗಾಡಿ ಹೊರಡುವ ಮುಂಚೆ ದೀಪಪರೀಕ್ಷೆಯೆಂಬ ಮಹಾಯಾಗ ನಡೆಯಲೇಬೇಕು. ಎಡ ಬಲದ ದೀಪಗಳನ್ನು ಹಾಕಿಟ್ಟು ನಾನೇ ಇಳಿದು ನೋಡಿ ಬರುತ್ತೇನೆ. ಬ್ರೇಕ್ ದೀಪಕ್ಕೆ ಮಾತ್ರ ಇಬ್ಬರು ಬೇಕು. ಒಬ್ಬರು ಮುಂದೆ ಕೂತು ಪೆಡಲ್ ಒತ್ತಬೇಕು, ಇನ್ನೊಬ್ಬರು ಹಿಂದೆ ನಿಂತು ಹತ್ತಿತೋ ಇಲ್ಲವೋ ಕೂಗಿ ಹೇಳಬೇಕು. ಮುಂದೆ ಕೂರುವವನು ನಾನೇ. ಚಾಲಕನ ಆ ಸೀಟು ನನ್ನ ಸಿಂಹಾಸನ. ಒಮ್ಮೆ ಲೊರೀನ್ ಅದರಲ್ಲಿ ಕೂತು ಯಾವುದೋ ಹಿಡಿಕೆ ಎಳೆದಿದ್ದಳು. ನನ್ನ ಬೆನ್ನಿಗೆ ಅದರ ಹಳೆಯ ಜಾಗ ಸಿಗಲು ಒಂದು ವಾರ ಹಿಡಿಯಿತು. ಅಂದಿನಿಂದ ಸಿಂಹಾಸನಕ್ಕೆ ಪರರಿಗೆ ಪ್ರವೇಶವಿಲ್ಲ.

ಹಿಂದೆ ನಿಂತವರ ಮಾತೇ ಕೊನೆ ಎಂಬುದು ನಮ್ಮ ಮನೆಗಾಡಿ ಜನರ ಕಟ್ಟಳೆ. ಟೆಕ್ಸಸ್‌ನಲ್ಲಿ ಒಮ್ಮೆ ಗಾಡಿ ಹಿಂದಕ್ಕೆ ತೆಗೆಯುವಾಗ ಲೊರೀನ್ "ನಿಲ್ಲಿಸೋ!" ಎಂದು ಕೂಗಿದ್ದಳು. ಇನ್ನೂ ಜಾಗವಿದೆ, ಇವಳಿಗೇನು ಗೊತ್ತು ಎಂದು ನಾನು ಹಿಂದಕ್ಕೆ ಹೋದೆ. ನಲ್ಲಿಯ ಕಂಬ ಮುರಿದು, ನಾವು ತಂಗಿದ್ದ ಮನೆಗಾಡಿ ಶಿಬಿರಕ್ಕೆಲ್ಲ ಕಾರಂಜಿಯ ಶೋಭೆ ಬಂತು. ಜನ ಕುರ್ಚಿ ತಂದು ಹಾಕಿಕೊಂಡು ನೋಡಿದರು. ಲೊರೀನ್ ಆ ರಾಜ್ಯದ ಗಡಿ ದಾಟುವವರೆಗೆ ಒಂದು ಮಾತಾಡಲಿಲ್ಲ. ಅವತ್ತು ಆಣೆ ಮಾಡಿದೆ, ಇನ್ನು ಹಿಂದೆ ನಿಂತವಳು ಹೇಳಿದ್ದಕ್ಕೆ ಎದುರಾಡುವುದಿಲ್ಲ ಎಂದು. ಶಿಬಿರದ ಬೇರೆ ಗಂಡಸರೂ ಇನ್ನೊಬ್ಬನ ಹೆಂಡತಿ ನಿಂತ ಜಾಗಕ್ಕೆ ಹೋಗಿ ಇಣುಕುವುದಿಲ್ಲ. ಇಣುಕಿದರೆ ಆಕೆಗೆ ಸುಳ್ಳಿ ಎಂದ ಹಾಗೆ.

ಈಗ ನನ್ನ ದೂರುಗಳನ್ನೂ ಕೇಳಿಬಿಡಿ. ಎರಡು ವರ್ಷದಿಂದ ಲೊರೀನ್ ವಿಚಿತ್ರವಾಗಿ ಆಡುತ್ತಿದ್ದಳು. ಆ ಸಣ್ಣ ಕಾರು ಕೊಂಡದ್ದೇ ಅವಳಿಗಾಗಿ, ನೀಲಿ ಬಣ್ಣ ಆರಿಸಿದ್ದೂ ಅವಳೇ. ಈಗ ಸೊಂಟನೋವು ಎಂದು ಅದನ್ನು ಮುಟ್ಟುವುದೇ ಇಲ್ಲ. ಕೌದಿ ಹೊಲಿಯುವುದನ್ನು ಬಿಟ್ಟಳು. ಕೇಳಿದರೆ, "ವಿಸ್ಕಾನ್ಸಿನ್‌ಗೆಲ್ಲ ಹೊದಿಸೋವಷ್ಟು ಹೊಲಿದಾಯ್ತಲ್ಲ, ಇನ್ನೂ ಯಾರಿಗೆ?" ಎನ್ನುತ್ತಾಳೆ. ಕಾಫಿ ಬಗ್ಗಿಸುವಾಗ ಕಪ್ಪಿನೊಳಗೆ ಬೆರಳಿಡುತ್ತಾಳೆ. "ಕಾಫಿಗೆ ಸಕ್ಕರೆ ಸಾಕು ಮಾರಾಯ್ತಿ, ಬೆರಳು ಬೇಡ" ಎಂದು ಎಷ್ಟು ಸಲ ಗದರಿದ್ದೇನೋ. ಮಾತಾಡುವಾಗ ನನ್ನ ಮುಖ ನೋಡದೆ ನನ್ನ ಕಿವಿಯಾಚೆ ಎಲ್ಲೋ ನೋಡುತ್ತಾಳೆ. ಇಷ್ಟು ವರ್ಷ ನೋಡಿ ನೋಡಿ ನನ್ನ ಮುಖ ಸಾಕಾಗಿರಬೇಕು ಎಂದು ಸುಮ್ಮನಾಗಿದ್ದೆ.

ಎಲ್ಲಕ್ಕಿಂತ ದೊಡ್ಡ ದೂರು ದೀಪಪರೀಕ್ಷೆಯದು. ನೆರೆಯ ಡ್ವೇನ್‌ನ ಹೆಂಡತಿ ಹಿಂದೆ ನಿಂತು "ಸರಿ!" ಎಂದು ಕೂಗುವುದರೊಳಗೆ ಅವರ ಗಾಡಿ ಗೇಟು ದಾಟಿರುತ್ತದೆ. ನಮ್ಮಲ್ಲಿ ಹೀಗೆ:

"ಒತ್ತಿದೀನಿ ಕಣೇ!"

"ಒತ್ಕೊಂಡೇ ಇರು!"

"ಹತ್ತಿತಾ?"

"ತಡಿ ಮಾರಾಯ, ಒತ್ಕೊಂಡೇ ಇರು ಅಂದ್ನಲ್ಲ!"

ನನ್ನ ಮೀನಖಂಡ ನಡುಗುತ್ತದೆ, ಪಾದ ಜುಮ್ಮೆನ್ನುತ್ತದೆ, ಆಮೇಲೆ ನಿಧಾನಕ್ಕೆ "ಹ್ಞಾಂ, ಹತ್ತಿದೆ" ಎಂಬ ಅಪ್ಪಣೆ ಬರುತ್ತದೆ. ಇಷ್ಟು ಹೊತ್ತು ಅಲ್ಲಿ ಏನು ಮಾಡುತ್ತೀಯೆ ಎಂದು ಕೇಳಿದರೆ, "ಗಾಜು ಒರೆಸ್ತಿದ್ದೆ, ಧೂಳು ಮೆತ್ಕೊಂಡಿರುತ್ತೆ" ಎನ್ನುತ್ತಾಳೆ. ಕನ್ನಡಿಯಲ್ಲಿ ಬಗ್ಗಿ ನೋಡಿದರೆ ಅವಳ ಮೊಣಕೈ ಮಾತ್ರ ಕಾಣುತ್ತಿತ್ತು. ಅದು ಆಡುವುದನ್ನು ನೋಡಿದರೆ ನಿಜಕ್ಕೂ ಅಂಗೈಯಲ್ಲಿ ದೀಪ ಸವರುತ್ತಿರುವ ಹಾಗಿತ್ತು.

ಇದಕ್ಕೊಂದು ಪರಿಹಾರ ನನ್ನ ತಲೆಯಲ್ಲಿ ಹೊಳೆಯಿತು. ಮರುಭೂಮಿಯ ಬಿಸಿಲಲ್ಲಿ ಹಳೆಯ ಬಲ್ಬಿನ ಬೆಳಕು ಮಂಕಾಗಿ ಕಾಣುತ್ತಿರಬೇಕು, ಅದಕ್ಕೇ ಇವಳಿಗೆ ತಡವಾಗುತ್ತಿದೆ. ಪಟ್ಟಣಕ್ಕೆ ಹೋಗಿ ಹೊಸ ನಮೂನೆಯ ಎಲ್‌ಇಡಿ ಬಲ್ಬು ತಂದೆ. ಅಂಗಡಿಯವನು ಒಂದನ್ನು ಹೊತ್ತಿಸಿ ನನ್ನ ಕೈಗೇ ಕೊಟ್ಟ. "ಮುಟ್ಟಿ ನೋಡಿ ಯಜಮಾನ್ರೇ. ಕಣ್ಣು ಕುಕ್ಕೋ ಬೆಳಕು, ಕೈಗೆ ಮಾತ್ರ ತಣ್ಣಗೆ!" ನನಗೆ ಮದುವೆಯ ದಿನ ಆದಷ್ಟೇ ಸಂತೋಷವಾಯಿತು. ಹಳೆಯ ಬಲ್ಬುಗಳನ್ನು ಬಿಚ್ಚಿ ಕಾಫಿಪುಡಿಯ ಖಾಲಿ ಡಬ್ಬಿಗೆ ಹಾಕಿದೆ (ನಾನು ಯಾವುದನ್ನೂ ಬಿಸಾಡುವವನಲ್ಲ), ಹೊಸವನ್ನು ಕೂರಿಸಿದೆ.

ಸಮಯವೂ ಸರಿಯಾಗಿತ್ತು. ಮರುದಿನ ನೆಬ್ರಾಸ್ಕಾಕ್ಕೆ ಹೊರಡುವುದಿತ್ತು. ಅಲ್ಲಿ ಪ್ಲ್ಯಾಟ್ ಎಂಬ ನದಿಗೆ ಮಾರ್ಚಿ ತಿಂಗಳಲ್ಲಿ ಲಕ್ಷಗಟ್ಟಲೆ ಕ್ರೌಂಚ ಹಕ್ಕಿಗಳು ಇಳಿಯುತ್ತವೆ. ಕೆಲವು ವಾರ ತಿಂದುಂಡು ಬಡಗಣಕ್ಕೆ ಹಾರಿಹೋಗುತ್ತವೆ. ಲೊರೀನ್ ಚಿಕ್ಕ ಹುಡುಗಿಯಾಗಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಅವನ್ನು ನೋಡಿದ್ದಳಂತೆ. ಎಂದೂ ಏನನ್ನೂ ಕೇಳದವಳು ಕ್ರಿಸ್ಮಸ್‌ನಿಂದ ಒಂದೇ ಹಟ ಹಿಡಿದಿದ್ದಳು.

"ಮುಂದಿನ ವರ್ಷ ಹೋಗೋಣ ಕಣೇ, ಡೀಸೆಲ್ ಏನು ಕಮ್ಮಿ ಇದೆಯಾ?"

"ಮುಂದಿನ ವರ್ಷ ಬೇಡ. ಈ ವರ್ಷ. ಆಮೇಲೆ ನಾನು ಏನೂ ಕೇಳಲ್ಲ."

ಅವಳು ಹಾಗೆ ಅಂದ ಮೇಲೆ ನಾನು ಒಪ್ಪಿದೆ. ಬೆಳಿಗ್ಗೆ ಕಾರು ಕಟ್ಟಿ, ಸಿಂಹಾಸನವೇರಿ, ಹೊಸ ಬಲ್ಬಿನ ಠೀವಿಯಲ್ಲಿ ಬ್ರೇಕ್ ಒತ್ತಿದೆ.

"ಹೇಗಿದೆ ಬೆಳಕು?"

"ಒತ್ಕೊಂಡೇ ಇರು."

"ಹೇಗಿದೆ ಹೇಳೇ!"

ಬಹಳ ಹೊತ್ತಿನ ಮೇಲೆ ಅವಳ ದನಿ ಬಂತು. "ಹತ್ತಿಲ್ಲ ಆರ್ವಿಲ್."

ಇಳಿದು ಹೋದೆ. ಪೆಡಲ್‌ನಿಂದ ಕಾಲು ತೆಗೆದ ಮೇಲೆ ಬ್ರೇಕ್ ದೀಪ ಎಲ್ಲಿ ಹತ್ತುತ್ತದೆ? ಬಲ್ಬು ಒತ್ತಿ ಕೂರಿಸಿ ಬಂದೆ. ಮತ್ತೆ ಒತ್ತಿದೆ. "ಇಲ್ಲ." ಎಡ ಬಲದ ದೀಪ ಮಿನುಗುವುದನ್ನು ನಾನೇ ಕಣ್ಣಾರೆ ನೋಡಿದೆ. ಬ್ರೇಕ್ ಒಂದಕ್ಕೇ ಏನು ರೋಗ?

ನಮ್ಮ ಶಿಬಿರದಲ್ಲಿ ಯಾರಾದರೂ ಗಾಡಿಯ ಮುಚ್ಚಳ ಎತ್ತಿದರೆ ಸಾಕು, ನಿವೃತ್ತ ಗಂಡಸರು ಮಡಿಸುವ ಕುರ್ಚಿ ಹಿಡಿದುಕೊಂಡು ಸಾವಿನ ಮನೆಗೆ ಬಂದ ಹಾಗೆ ಬಂದು ಕೂರುತ್ತಾರೆ. ಮೊದಲು ಬಂದವನು ಡ್ವೇನ್. ಅವನ ಪ್ರಕಾರ ಲೋಕದ ಸಕಲ ಕಾಯಿಲೆಗೂ ಅರ್ತ್ ತಂತಿ ಸರಿಯಿಲ್ಲದಿರುವುದೇ ಕಾರಣ. "ಅರ್ತ್ ಕಣಯ್ಯಾ ಅರ್ತ್! ತಂತಿ ಬಿಚ್ಚಿ ತುಕ್ಕು ಉಜ್ಜು." ಉಜ್ಜಿದೆ. ಅವನ ಹಿಂದೆಯೇ ಬಂದ ಹಾರ್ಲನ್ ಪೆಡಲಿನ ಕೆಳಗಿನ ಸ್ವಿಚ್ಚಿನ ಮೇಲೆ ಅನುಮಾನಪಟ್ಟ. ನಾನು ಸಿಂಹಾಸನದ ಬುಡದಲ್ಲಿ ತಲೆಕೆಳಗಾಗಿ ಮಲಗಿ ಅದನ್ನು ಬದಲಾಯಿಸಿದೆ. ಹೊರಬರಲು ಇಬ್ಬರೂ ಕಾಲು ಹಿಡಿದು ಎಳೆಯಬೇಕಾಯಿತು.

"ಹತ್ತಿತಾ ಲೊರೀನ್?" ಎಂದು ಮೂವರೂ ಕೂಗಿದೆವು.

"ಇಲ್ಲ!"

"ಅರ್ತ್" ಎಂದ ಡ್ವೇನ್.

ಹೀಗೆ ಆ ದಿನ ಹೋಯಿತು, ಮರುದಿನವೂ ಹೋಯಿತು. ಮುಂದಿನಿಂದ ಹಿಂದಿನವರೆಗೆ ಇದ್ದಬದ್ದ ತಂತಿಯನ್ನೆಲ್ಲ ಹೊಸದಾಗಿ ಎಳೆದೆ. ಗಾಡಿಯ ಕರುಳು ಹೊರಗೆ ಬಿದ್ದಿತ್ತು. ಲೊರೀನ್ ನದಿಯ ಕಡೆಯ ಹಕ್ಕಿಪ್ರಿಯರಿಗೆ ಫೋನು ಹಚ್ಚಿ ಕೇಳುತ್ತಿದ್ದಳು. ಪ್ರತಿ ಸಲವೂ ಫೋನು ಇಟ್ಟು ಬಂದು ನನ್ನ ಪಕ್ಕದಲ್ಲಿ ನಿಲ್ಲುತ್ತಿದ್ದಳು.

"ತೆಂಕಣ ಗಾಳಿ ಬೀಸೋಕೆ ಶುರುವಾಗಿದೆಯಂತೆ. ಗಾಳಿ ಸಿಕ್ರೆ ಎದ್ದು ಹೋಗಿಬಿಡ್ತವಂತೆ."

"ಹಾಗಿದ್ರೆ ಹಾಗೇ ಹೊರಟುಬಿಡೋಣ. ನಿಧಾನಕ್ಕೆ ಹೋದ್ರಾಯ್ತು" ಎಂದೆ ನಾನು. ಬಲ್ಬಿನ ಆರ್ವಿಲ್ ಎನಿಸಿಕೊಂಡವನ ಬಾಯಲ್ಲಿ ಈ ಮಾತು!

ಅವಳ ಮುಖದಲ್ಲಿ ಆಸೆ ಬಂದು ಹೋದದ್ದು ನನಗೆ ಕಂಡಿತು. ಆದರೆ ತಲೆಯಲ್ಲಾಡಿಸಿದಳು. "ಬೇಡ. ಹಿಂದೆ ಬರೋನಿಗೂ ಹೆಂಡ್ತಿ ಮಕ್ಕಳು ಇರ್ತಾರೆ. ಹತ್ತಿದ್ರೆ ಹತ್ತಿದೆ ಅಂತೀನಿ, ಇಲ್ಲಾಂದ್ರೆ ಇಲ್ಲ."

"ಸರಿ, ಹೀಗ್ ಮಾಡೋಣ. ಕಾರು ಕಟ್ಟೋದೇ ಬೇಡ. ನಾನು ಮನೆಗಾಡಿ ಹೊಡೀತೀನಿ, ನೀನು ಕಾರು ಓಡಿಸ್ಕೊಂಡು ನನ್ನ ಹಿಂದೆ ಬಾ."

ಲೊರೀನ್ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. "ಸೊಂಟ ನೋವು" ಎಂದಳು.

ಆಗ ನನಗೆ ಸಿಟ್ಟು ನೆತ್ತಿಗೇರಿತು. ಉಗುರುಗಳಲ್ಲಿ ಗ್ರೀಸು, ಬೆನ್ನಲ್ಲಿ ಉಳುಕು, ಎದುರಿಗೆ ಇಬ್ಬರು ನೆರೆಯವರು. "ಎರಡು ವರ್ಷದಿಂದ ಇದೇ ಸೊಂಟದ ಪುರಾಣ! ಹಕ್ಕಿ ಬೇಕಾಗಿರೋದು ನನಗಾ ನಿನಗಾ? ನಿನ್ನ ಹಕ್ಕಿಗೋಸ್ಕರ ಒಂದು ಸ್ವಲ್ಪ ಸ್ಟೇರಿಂಗ್ ಹಿಡಿಯೋಕಾಗಲ್ವಾ? ಮನೆ ಮಾರಿ ಊರೂರು ತಿರುಗಿಸ್ತಿದೀನಿ, ನೀನು ಕಿಟಕಿ ಹೊರಗಡೆ ಕೂಡ ನೋಡಲ್ಲ!"

ಡ್ವೇನ್ ತನ್ನ ಕುರ್ಚಿ ಮಡಿಸಿದ. ಹಾರ್ಲನ್‌ಗೆ ಮನೆಯಲ್ಲಿ ಒಲೆಯ ಮೇಲೆ ಏನೋ ಇಟ್ಟು ಬಂದದ್ದು ಥಟ್ಟನೆ ನೆನಪಾಯಿತು. ಲೊರೀನ್ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ಒಳಗೆ ಹೋದಳು. ಅವಳಿಗೆ ಒಳಗಿನಿಂದ ಬಚ್ಚಲ ಬಾಗಿಲು ಹಾಕಿಕೊಳ್ಳುವ ಅಭ್ಯಾಸವಿರಲಿಲ್ಲ, ಅವತ್ತು ಹಾಕಿಕೊಂಡಳು.

ಮರುದಿನ ಬೆಳಿಗ್ಗೆ ನಾನೇ ಖುದ್ದಾಗಿ ಪರೀಕ್ಷೆಗೆ ನಿಂತೆ. ಬ್ರೇಕ್ ಒತ್ತಿಯೇ ಇರಬೇಕು, ನಾನು ಹಿಂದೆ ಹೋಗಿ ಕರೆಂಟು ಬರುತ್ತಿದೆಯೇ ಎಂದು ಟೆಸ್ಟರಿನ ಮುಳ್ಳು ಚುಚ್ಚಿ ನೋಡಬೇಕು. ಯಾರನ್ನಾದರೂ ಸಿಂಹಾಸನದಲ್ಲಿ ಕೂರಿಸಿದ್ದರೆ ಮೊದಲ ದಿನವೇ ಮುಗಿದು ಹೋಗುತ್ತಿದ್ದ ಕೆಲಸ. ಆದರೆ ನನ್ನ ಬೆನ್ನಿನ ಜಾಗ ಹೋಗಿಬಿಟ್ಟರೆ? ಪೊರಕೆಯ ಕೋಲು ತಂದು ಒಂದು ತುದಿಯನ್ನು ಪೆಡಲಿಗೆ, ಇನ್ನೊಂದನ್ನು ಸೀಟಿಗೆ ಸಿಕ್ಕಿಸಿ ಬಿಗಿದೆ. ಇಂಜಿನ್ನಿನ ಸದ್ದು ಕೇಳಿ ಲೊರೀನ್ ಕರೆಯದೆಯೇ ಇಳಿದು ಹೋಗಿ ತನ್ನ ಜಾಗದಲ್ಲಿ ನಿಂತಿದ್ದಳು. ನಿನ್ನೆಯ ಜಗಳದ ಮೇಲೆ ಕೋಲಿನ ವಿಷಯ ಹೇಳಲು ನನಗೆ ಬಾಯಿ ಬರಲಿಲ್ಲ. "ಒತ್ತಿದೀನಿ" ಎಂದಷ್ಟೇ ಕಿಟಕಿಯಿಂದ ಕೂಗಿ, ಇಳಿದು, ಗಾಡಿಯ ಉದ್ದಕ್ಕೂ ನಡೆದು ಕಾರಿನ ಹಿಂದಕ್ಕೆ ಬಂದೆ.

ಎರಡು ದೀಪಗಳೂ ನಿಗಿನಿಗಿ ಉರಿಯುತ್ತಿದ್ದವು. ಆ ಬಿಸಿಲಲ್ಲೂ ಕಣ್ಣು ಕುಕ್ಕುವಷ್ಟು ಕೆಂಪು. ಲೊರೀನ್ ಅದರ ಮುಂದೆಯೇ ಬಗ್ಗಿ ನಿಂತು ಅಂಗೈಯನ್ನು ಗಾಜಿನ ಮೇಲೆ ಒತ್ತಿ ಹಿಡಿದಿದ್ದಳು. ಬೆಳಕು ಅವಳ ಬೆರಳ ಸಂದಿಯಿಂದ ಹೊರಗೆ ಬರುತ್ತಿತ್ತು. ಅವಳು ಮುಖವನ್ನು ಮನೆಗಾಡಿಯ ಕಡೆ ತಿರುಗಿಸಿ ಕೂಗಿದಳು, "ಹತ್ತಿಲ್ಲ ಆರ್ವಿಲ್! ಇನ್ನೂ ಗಟ್ಟಿಯಾಗಿ ಒತ್ತು!"

ನಾನು ಅವಳ ಬೆನ್ನ ಹಿಂದೆಯೇ ಇದ್ದೆ.

ಅವಳು ಕೈ ತೆಗೆದು ಸ್ಕರ್ಟಿಗೆ ಉಜ್ಜಿಕೊಂಡಳು, ಬಾಯಿಂದ ಹಬೆ ಊದಿಕೊಂಡಳು, ಮತ್ತೆ ದೀಪದ ಮೇಲಿಟ್ಟಳು. ಆಮೇಲೆ ತನ್ನಷ್ಟಕ್ಕೆ, ಸೋತ ದನಿಯಲ್ಲಿ, "ತಣ್ಣಗಿದೆ" ಎಂದಳು.

ಕಾಫಿಯೊಳಗಿನ ಬೆರಳು ನೆನಪಾಯಿತು. ಕೌದಿ ನೆನಪಾಯಿತು. ನನ್ನ ಕಿವಿಯಾಚೆಯ ನೋಟ, ನೀಲಿ ಕಾರು, ಸೊಂಟ, ಕಿಟಕಿ ಎಲ್ಲ ಒಟ್ಟಿಗೆ ನೆನಪಾದವು. ಎರಡು ವರ್ಷದಿಂದ ಇವಳು ಕಣ್ಣಿನಿಂದ ನೋಡುತ್ತಿರಲಿಲ್ಲ, ಬಲ್ಬು ಬಿಸಿಯಾಗುವವರೆಗೆ ಕಾದು ಅಂಗೈಯಿಂದ ನೋಡುತ್ತಿದ್ದಳು. ನಾನು ಮಹಾ ಬುದ್ಧಿವಂತ, ಅವಳಿಗೆ ಬೇಗ ಕಾಣಲಿ ಎಂದು ಬಿಸಿಯೇ ಆಗದ ಬಲ್ಬು ತಂದು ಹಾಕಿದ್ದೆ. ಅವಳನ್ನು ಅಲ್ಲೇ ತಬ್ಬಿಕೊಳ್ಳಬೇಕೆನಿಸಿತು, ಧೈರ್ಯ ಬರಲಿಲ್ಲ. ಕಳ್ಳನ ಹಾಗೆ ಹೆಜ್ಜೆಯಿಡುತ್ತಾ ಮುಂದಕ್ಕೆ ಹೋಗಿ ಕೋಲು ತೆಗೆದೆ, ಸೀಟಿನಲ್ಲಿ ಕೂತು ಮುಖ ಒರೆಸಿಕೊಂಡೆ.

ಆಮೇಲೆ ಡಬ್ಬಿಯಿಂದ ಹಳೆಯ ಬಲ್ಬು ತೆಗೆದುಕೊಂಡು ಇಳಿದೆ. "ಹೊಸ ಬಲ್ಬೇ ದಂಡ ಕಣೇ. ಅಂಗಡಿಯವನು ಟೋಪಿ ಹಾಕಿದಾನೆ" ಎಂದು ಶಿಬಿರಕ್ಕೆಲ್ಲ ಕೇಳುವ ಹಾಗೆ ಬಯ್ದು, ಹಳೆಯದನ್ನು ಕೂರಿಸಿದೆ. ಸಿಂಹಾಸನಕ್ಕೆ ಮರಳಿ ಬ್ರೇಕ್ ಒತ್ತಿದೆ. ಒತ್ತಿಕೊಂಡೇ ಇದ್ದೆ. ಕಾಲು ಜುಮ್ಮೆಂದರೂ ಏನೂ ಕೇಳಲಿಲ್ಲ.

"ಹತ್ತಿತು! ಆರ್ವಿಲ್, ಹತ್ತಿತು ಕಣೋ! ಎರಡೂ ಹತ್ತಿದೆ!"

ಅವಳ ದನಿಯಲ್ಲಿದ್ದ ಸಂತೋಷ ಕೇಳಿ ಡ್ವೇನ್ ಹೊರಗೆ ಬಂದ. "ಬಲ್ಬು ನೋಡದೆ ಗಾಡಿ ಪೂರ್ತಿ ಬಿಚ್ಚಿದ್ಯಲ್ಲಯ್ಯಾ! ನೀನು ಶಾಲೆ ಬಸ್ಸು ಓಡಿಸ್ತಿದ್ದೆ ಅಂತೀಯ, ಆ ಮಕ್ಕಳ ಪುಣ್ಯ ದೊಡ್ಡದು" ಎಂದ. ಹೌದಪ್ಪಾ ಎಂದೆ. ಅವನಿಗೆ ನನ್ನ ಬಾಯಲ್ಲಿ ಹೌದು ಎಂಬ ಮಾತು ಕೇಳಿ ಅಭ್ಯಾಸವಿರಲಿಲ್ಲ, ಜ್ವರವೇನಾದರೂ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡಿದ.

ಅಂದೇ ಹೊರಟೆವು. ನ್ಯೂ ಮೆಕ್ಸಿಕೋದ ರಸ್ತೆ ಗೆರೆ ಎಳೆದ ಹಾಗಿದೆ. ಅಲ್ಲಿ ಚಾಲಕನಿಗೆ ಮಾಡಲು ಕೆಲಸವಿಲ್ಲ. ನಾನು ಮಾತು ಹೇಗೆ ಎತ್ತಲಿ ಎಂದು ಒಳಗೊಳಗೇ ವಾಕ್ಯ ಜೋಡಿಸುತ್ತಿದ್ದೆ. ಪಕ್ಕದ ಸೀಟಿನಿಂದ ಲೊರೀನ್ ಕೇಳಿದಳು:

"ಪೊರಕೆ ಕೋಲು ಎಲ್ಲಿಟ್ಟೆ?"

"ಯಾ... ಯಾವ ಕೋಲು?"

"ಬ್ರೇಕಿಗೆ ಸಿಕ್ಕಿಸಿದ್ದು. ಬೆಳಿಗ್ಗೆ ಗುಡಿಸೋಣ ಅಂತ ಹುಡುಕಿದೆ, ಪೊರಕೆ ಬುಡ ಒಂದೇ ಇತ್ತು."

ಗಾಡಿ ಸ್ವಲ್ಪ ಪಕ್ಕಕ್ಕೆ ಸರಿಯಿತು. ಸರಿಮಾಡಿಕೊಂಡೆ.

"ನಿನ್ನ ಮಂಡಿ ಲಟಲಟ ಅನ್ನುತ್ತೆ ಆರ್ವಿಲ್. ನನ್ನ ಹಿಂದೆ ಬಂದು ನಿಂತಾಗಲೇ ಗೊತ್ತಾಯ್ತು. ಕೂಗಿ ಆಗಿಹೋಗಿತ್ತು, ಏನ್ ಮಾಡ್ಲಿ? ನೀನೇ ಏನಾದ್ರೂ ಅಂತೀಯ ಅಂತ ಕಾದೆ. ನೀನು ಕಳ್ಳ ಬೆಕ್ಕಿನ ಥರ ವಾಪಸ್ ಹೋದೆ."

"ನಿನಗೆ ದುಃಖ ಆಗುತ್ತೇನೋ ಅಂತ..."

"ದುಃಖ ಅದರ ಪಾಡಿಗೆ ಆಗ್ತಾನೇ ಇದೆ. ಅದಕ್ಕೆ ನೀನು ಬೇಕಾಗಿಲ್ಲ."

ಆಮೇಲೆ ಎಲ್ಲ ಹೇಳಿದಳು. ನೋಡಬೇಕೆಂದುಕೊಂಡ ಕಡೆಯೇ ಒಂದು ಬೂದು ಮಚ್ಚೆ ಕೂತಿರುತ್ತದಂತೆ. ಅಂಚಿನಲ್ಲಿ ಮಾತ್ರ ಸ್ವಲ್ಪ ಕಾಣುತ್ತದೆ, ಅದೂ ಬಿಸಿಲಲ್ಲಿ ಬೆಳ್ಳಗೆ ಕರಗಿಹೋಗುತ್ತದೆ. ಚಪ್ಪಲಿ ಕೊಳ್ಳಲು ಎಂದು ಡ್ವೇನ್‌ನ ಹೆಂಡತಿಯ ಜೊತೆ ಟೂಸಾನ್ ಪಟ್ಟಣಕ್ಕೆ ಹೋದ ದಿನ ಕಣ್ಣಿನ ಡಾಕ್ಟರನ್ನು ನೋಡಿ ಬಂದಿದ್ದಳು. ಹೋದದ್ದು ಮರಳಿ ಬರುವುದಿಲ್ಲ, ಇದ್ದದ್ದೂ ನಿಧಾನಕ್ಕೆ ಹೋಗುತ್ತದೆ ಎಂದು ಆತ ಹೇಳಿದ್ದನಂತೆ.

"ನನಗೆ ಯಾಕೆ ಹೇಳ್ಲಿಲ್ಲ?" ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣಗಾಗಿತ್ತು.

"ನನಗೆ ದೇಶ ತೋರಿಸ್ತೀನಿ ಅಂತ ಮನೆ ಮಾರ್ದೆ. ಅದಕ್ಕೆ ಗಾರೆ ಹಾಕಿದ್ದು ನಿನ್ನ ಕೈಯಿಂದಲೇ, ಮಾರುವಾಗ ಅತ್ತಿದ್ದೆ. ಈಗ ದೇಶ ನನಗೆ ಕಾಣಿಸ್ತಿಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ? ಕಿಟಕಿ ಹೊರಗಡೆ ನೋಡಲ್ಲ ಅಂದ್ಯಲ್ಲ ನಿನ್ನೆ..."

ನಾನು ಗಾಡಿಯನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದೆ. ಬ್ರೇಕ್ ಒತ್ತಿದಾಗ ಹಿಂದೆ ದೀಪ ಹತ್ತಿರಲೇಬೇಕು, ಲಾರಿಯೊಂದು ಅಚ್ಚುಕಟ್ಟಾಗಿ ಸುತ್ತಿಕೊಂಡು ಹೋಯಿತು. ಲೊರೀನಳ ಕೈ ಹಿಡಿದು ಕ್ಷಮಿಸು ಅಂದೆ. ಅವಳು ನನ್ನ ಕಿವಿಯಾಚೆ ನೋಡುತ್ತಾ, "ಅಳಬೇಡ ಮಾರಾಯ, ಹಕ್ಕಿ ಹೋಗಿಬಿಡ್ತವೆ, ಗಾಡಿ ಹೊಡಿ" ಎಂದಳು.

ಹಕ್ಕಿ ಹೋಗಿಬಿಟ್ಟಿದ್ದವು. ಎಲ್ಲವೂ ಅಲ್ಲ. ನದಿಯ ಹತ್ತಿರ ಸೇತುವೆ ಕಾಯುತ್ತಿದ್ದ ಮನುಷ್ಯ, "ಮೊನ್ನೆ ಬಂದಿದ್ರೆ ಆಕಾಶವೇ ಕಾಣ್ತಿರಲಿಲ್ಲ. ನಿನ್ನೆ ಗಾಳಿಗೆ ಮುಕ್ಕಾಲುಪಾಲು ಎದ್ದುಹೋದ್ವು" ಎಂದ. ಮೊನ್ನೆ ನಾನು ತಂತಿ ಎಳೆಯುತ್ತಿದ್ದೆ. ಸಂಜೆ ಸೇತುವೆಯ ಮೇಲೆ ನಿಂತೆವು. ಉಳಿದ ಹಕ್ಕಿಗಳು ಹೊಲಗಳ ಕಡೆಯಿಂದ ಗುಂಪುಗುಂಪಾಗಿ ನದಿಗೆ ಇಳಿಯತೊಡಗಿದವು. ಲೊರೀನ್ ಮುಖವನ್ನು ಓರೆ ಮಾಡಿ, ಕಣ್ಣಿನ ಅಂಚಿನಿಂದ ಹಿಡಿಯಲು ನೋಡುತ್ತಿದ್ದಳು.

"ಹೇಳು, ಏನ್ ಕಾಣ್ತಿದೆ?"

"ಹಕ್ಕಿ. ತುಂಬಾ ಇವೆ. ಬೂದು ಬಣ್ಣ."

"ಅಷ್ಟೇನಾ? ಒಂದು ತಂತಿ ಬಗ್ಗೆ ಎರಡು ದಿನ ಉಪನ್ಯಾಸ ಕೊಟ್ಟೆ. ಹಕ್ಕಿಗೆ ಮೂರು ಮಾತಾ?"

ನನಗೆ ನಾಚಿಕೆಯಾಯಿತು. ಗಂಟಲು ಸರಿಮಾಡಿಕೊಂಡು ಮತ್ತೆ ಶುರುಮಾಡಿದೆ. ಇಳಿಯುವಾಗ ಕಾಲು ಜೋತುಬಿಟ್ಟಿರುತ್ತವೆ, ರೆಕ್ಕೆ ಬಿಗಿಹಿಡಿದು ತೇಲುತ್ತಾ ಬರುತ್ತವೆ, ಕೊನೆಯಲ್ಲಿ ಎರಡು ಹೆಜ್ಜೆ ಓಡಿ ನಿಲ್ಲುತ್ತವೆ ಎಂದೆ. ನೆತ್ತಿಯಲ್ಲಿ ಒಂದು ಕೆಂಪು ಮಚ್ಚೆಯಿದೆ ಎಂದೆ. "ಬ್ರೇಕ್ ದೀಪದ ಥರಾನಾ?" ಎಂದಳು. ಹೌದು, ಅದೇ ಥರ, ಎಲ್ಲರದ್ದೂ ಹತ್ತಿದೆ ಎಂದೆ. ಅವಳು ನಕ್ಕಳು. ಎಷ್ಟೋ ತಿಂಗಳ ಮೇಲೆ ನಕ್ಕಳು. ಆಮೇಲೆ ಅವಳೇ, "ನಮ್ಮ ಬಲಗಡೆಯಿಂದ ಇನ್ನೊಂದು ಗುಂಪು ಬರ್ತಿದೆ, ನೋಡು" ಎಂದಳು. ನಾನು ತಿರುಗಿದೆ, ಏನೂ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮರಗಳ ಮೇಲಿನಿಂದ ಕೂಗುತ್ತಾ ಆ ಗುಂಪು ಬಂತು. ಅವಳು ನನ್ನ ಭುಜಕ್ಕೆ ತಲೆಯಿಟ್ಟು, "ಅಪ್ಪನ ಹೆಗಲ ಮೇಲಿಂದ ಚೆನ್ನಾಗಿ ಕಾಣ್ತಿತ್ತು" ಎಂದಳು. ನಾನು ಹಕ್ಕಿಗಳನ್ನೇ ಹೇಳುತ್ತಾ ಹೋದೆ. ಕತ್ತಲಾಗಿ ನನಗೂ ಕಾಣದಾದ ಮೇಲೂ ಹೇಳಿದೆ.

ಮರುದಿನ ಹೊರಡುವ ಹೊತ್ತಿಗೆ ಲೊರೀನ್ ಒರೆಸುವ ಬಟ್ಟೆ ಹಿಡಿದು ಕಾರಿನ ಹಿಂದಕ್ಕೆ ಹೊರಟಳು. ನಾನು ತಡೆದೆ. ಕೈಹಿಡಿದು ಮೆಟ್ಟಿಲು ಹತ್ತಿಸಿ, ಸಿಂಹಾಸನದ ಮೇಲೆ ಕೂರಿಸಿದೆ.

"ಇದೇನೋ ಇದು! ನಿನ್ನ ಬೆನ್ನಿನ ಗತಿ?"

"ಬೆನ್ನು ಹಾಳಾಗಿಹೋಗ್ಲಿ. ನೀನು ಒತ್ತು, ನಾನು ನೋಡ್ತೀನಿ."

ಕಾರಿನ ಹಿಂದೆ ಬಂದು ನಿಂತೆ. ಒಳಗಿನಿಂದ ಸೀಟಿನ ಹಿಡಿಕೆ ಎಳೆದ ಸದ್ದು ಕೇಳಿಸಿತು (ಎರಡು ಸಲ). ಆಮೇಲೆ ಅವಳ ಕೂಗು: "ಒತ್ತಿದೀನಿ! ಹತ್ತಿತಾ?"

ಹತ್ತಿರಬೇಕು. ಆದರೆ ನನ್ನ ಎದುರಿಗಿದ್ದದ್ದು ಬರೀ ಕೆಂಪು ನೀರು. ಕಾರಿಲ್ಲ, ಗಾಜಿಲ್ಲ, ಏನೂ ಇಲ್ಲ. ತೋಳಿನಿಂದ ಕಣ್ಣು ಒರೆಸಿಕೊಂಡೆ, ಮತ್ತೆ ತುಂಬಿತು. ಇನ್ನೊಮ್ಮೆ ಒರೆಸಿಕೊಂಡೆ, ಮತ್ತೂ ತುಂಬಿತು. ಹತ್ತಿದೆ ಎಂದು ಸುಮ್ಮನೆ ಕೂಗಿಬಿಡಬಹುದಿತ್ತು. ಆದರೆ ಹಿಂದೆ ನಿಂತವರ ಮಾತೇ ಕೊನೆಯಲ್ಲವೇ, ನೋಡದೆ ಹೇಗೆ ಹೇಳುವುದು?

"ಏನೋ ಅದು? ಇಷ್ಟೊತ್ತಾ?"

"ಧೂಳಿದೆ ಕಣೇ. ಒರೆಸ್ತಿದೀನಿ" ಎಂದೆ.

ಗಾಜಿನ ಮೇಲೆ ಅಂಗೈ ಇಟ್ಟು ಕಾದೆ. ಬಹಳ ಹೊತ್ತು ಬೇಕು ಅದಕ್ಕೆ, ಮೊದಲು ಏನೂ ತಿಳಿಯುವುದಿಲ್ಲ. ಆಮೇಲೆ ನಿಧಾನಕ್ಕೆ ಬೆಚ್ಚಗಾಯಿತು.

"ಹತ್ತಿದೆ ಲೊರೀನ್!"

"ಅಬ್ಬಾ, ಅಂತೂ ಹೇಳ್ದ್ಯಲ್ಲ! ಕಾಲು ಬಿದ್ದೇ ಹೋಯ್ತು ನನ್ನದು. ಡ್ವೇನ್ ಹೆಂಡ್ತಿ ಎಷ್ಟು ಬೇಗ ಹೇಳ್ತಾಳೆ, ನೀನೂ ಇದೀಯ!"